ಮೀನಿನ ತಲೆಯ ವಿಷಯ

ತಿಳಿನೀರಿನ ೯೪ನೆಯ ವರ್ಷ, ನೀರೇರು ತಿಂಗಳ ೪೧ನೆಯ ದಿನ

ಇಪ್ಪತ್ತೊಂದನೆಯ ಶತಮಾನದ ಹಿರಿಯರಿಗೆ,

ಈ ತಾರೀಖು ನಿಮಗೆ ತಪ್ಪೆಂದು ಕಾಣಬಹುದು. ಹೊಳೆ ಏರಿ ಇಳಿಯುವವರೆಗೆ ನಾವು ತಿಂಗಳನ್ನು ಮುಗಿಸುವುದಿಲ್ಲ. ನನ್ನ ಕೆಲವು ಮಾತುಗಳೂ ನಿಮಗೆ ಹೊಸವಿರಬಹುದು; ಕ್ಷಮಿಸಿ, ನಮ್ಮಲ್ಲಿ ಅವು ಹಳತಾಗಿವೆ.

ನಾವಿರುವುದು ತುಂಗಭದ್ರೆಯ ಮೇಲೆ, ತೇಲುಗೇರಿಯಲ್ಲಿ. ಮನೆಗಳನ್ನು ಒಂದಕ್ಕೊಂದು ಹಗ್ಗದಿಂದ ಬಿಗಿದಿದ್ದೇವೆ. ನಡುವಿನ ಹಲಗೆಯೇ ಬೀದಿ. ಹಸುಗಳಿಲ್ಲ, ಸೊಪ್ಪು ಬೆಳೆಯಲು ನೆಲವಿಲ್ಲ. ಊಟಕ್ಕೆ ಅಚ್ಚನ್ನ, ಅಂದರೆ ನವಣೆ ಹಿಟ್ಟನ್ನು ಒತ್ತಿ ಒಣಗಿಸಿದ ಬಿಲ್ಲೆ. ಜೊತೆಗೆ ಬೆರಳುದ್ದದ ಪಕ್ಕೆ ಮೀನು. ಈ ಮೀನನ್ನು ತಲೆಗಡಿ ಮಾಡದೆ ಯಾರೂ ಒಲೆಗೆ ಹಾಕುತ್ತಿರಲಿಲ್ಲ. ತಲೆ, ಕರುಳು ತೆಗೆದು ಬಾತುಕೋಳಿಗಳಿಗೆ ಎಸೆಯುವುದಕ್ಕೆ ಆ ಹೆಸರು. ಏಕೆಂದು ನನ್ನ ಅತ್ತೆಗೂ ಗೊತ್ತಿರಲಿಲ್ಲ, ಅವರ ಅತ್ತೆಗೂ.

ಈಚೆಗೆ ನನ್ನ ಮೊಮ್ಮಗಳು ತುಂಗಿ ಸಂಜೆಯಾದರೆ ಗೋಡೆ ತಡವತೊಡಗಿದಳು. ಹಗಲು ಎಲ್ಲವೂ ಕಾಣುತ್ತಿತ್ತು. ಹೊತ್ತಿಳಿದರೆ ಎದುರಿನ ತಟ್ಟೆಯೂ ಸಿಗುತ್ತಿರಲಿಲ್ಲ. ಸುತ್ತ ನೀರು, ಕಾಲಡಿ ಹಲಗೆ, ಮಗುವಿಗೆ ಇರುಳುಗಣ್ಣು. ಅವಳ ಸೊಂಟಕ್ಕೆ ಹಗ್ಗ ಕಟ್ಟಿ ತುದಿಯನ್ನು ನನ್ನ ಕೈಗೆ ಸುತ್ತಿಕೊಂಡೆ.

ವೈದ್ಯೆ ಇಮಾಂಬಿ ಬಂದು ಕಣ್ಣು ನೋಡಿದರು, ಊಟ ವಿಚಾರಿಸಿದರು. ಆಮೇಲೆ ಬಾತುಕೋಳಿಗಳ ಮುಂದೆ ಬಿದ್ದಿದ್ದ ತಲೆಗಳ ಕಡೆ ತಿರುಗಿದರು.

“ಔಷಧಾ ಬಾತುಕೋಳಿಗೆ ಹಾಕಿ, ಕೂಸಿಗೆ ಬರೇ ತುಂಡು ಉಣಸ್ತೀರಲ್ಲ, ಯವ್ವಾ.”

ಈ ಪುಟ್ಟ ಮೀನಿನ ಎ ಜೀವಸತ್ವ ಹೆಚ್ಚಾಗಿ ಅದರ ಕಣ್ಣಿನಲ್ಲಿ, ಒಡಲಿನಲ್ಲಿ ಇರುತ್ತದಂತೆ, ಮುಳ್ಳಿನಲ್ಲಿ ಸುಣ್ಣದಂಶ. ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ ಹೊಳೆ ಕೆಟ್ಟಾಗ ವಿಷ ನಿಲ್ಲುತ್ತಿದ್ದುದೂ ಮೀನಿನ ಒಡಲಿನಲ್ಲೇ ಎಂದು ಇಮಾಂಬಿಯೇ ಹೇಳಿದರು. ಅಂದು ತಲೆಗಡಿ ಸರಿಯಾಗಿತ್ತು. ಆದರೆ ನೀರು ತಿಳಿಯಾಗಿ ಇಷ್ಟು ವರ್ಷ ಕಳೆದರೂ ಕತ್ತಿ ನಿಂತಿರಲಿಲ್ಲ.

ನಾನು ಮೀನನ್ನು ಇಡಿಯಾಗಿ, ಮುಳ್ಳು ಮೆತ್ತಗಾಗುವವರೆಗೆ ಹುಣಸೆ ಹುಳಿಯಲ್ಲಿ ಬೇಯಿಸಿದೆ. ಅತ್ತೆ ಒಲೆಗೆ ಬೆನ್ನು ಮಾಡಿ ಕುಳಿತರು. ಮೊದಲು ನಾನು ತಿಂದು, ಆಮೇಲೆ ತುಂಗಿಗೆ ಕೊಟ್ಟೆ. ಹೀಗೇ ಕೆಲವು ವಾರ ನಡೆಯಿತು. ಮೊನ್ನೆ ಸಂಜೆ, ದೀಪ ಹಚ್ಚುವ ಮೊದಲು ತುಂಗಿ ನನ್ನ ಅತ್ತೆಯ ಮುಖವನ್ನೇ ನೋಡುತ್ತ ಕುಳಿತಿದ್ದಳು.

“ಮುತ್ತಜ್ಜಿ, ನಿನಗ ಮೀಸಿ ಬಂದಾವ.”

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ತಟ್ಟೆ ಚಾಚಿ, ತಲೆಯಿರುವ ಮೀನನ್ನೇ ಹಾಕು ಎಂದರು.

ನಿಮ್ಮಲ್ಲಿ ಒಂದು ಕೋರಿಕೆ. ಮೊಮ್ಮಕ್ಕಳಿಗೆ ಏನನ್ನಾದರೂ ಬೇಡವೆನ್ನುವಾಗ, ಏಕೆಂದೂ ಎಲ್ಲಿಯವರೆಗೆಂದೂ ಹೇಳಿ.

ಈಗ ಹೊತ್ತು ಇಳಿಯುತ್ತಿದೆ. ತುಂಗಿ ಹಲಗೆಯ ಮೇಲೆ ಓಡುತ್ತಿದ್ದಾಳೆ. ಅವಳ ಸೊಂಟದಿಂದ ಬಿಚ್ಚಿದ ಹಗ್ಗ ಗೂಟದಲ್ಲಿ ತೂಗುತ್ತಿದೆ, ನಾನು ಅವಳನ್ನು ಕೂಗುತ್ತಿಲ್ಲ.

ನಿಮ್ಮವಳು,
ಸಂಕವ್ವ