ಬಾರದೆ ಉಳಿದ ಕಪ್ಪು ಚೌಕ

ಮಯೂರ್ ವಿಹಾರ್, ದೆಹಲಿ
ಡಿಸೆಂಬರ್ ೧೪, ೨೦೦೬

ನನ್ನ ಪ್ರೀತಿಯವರಿಗೆ,

ರಾತ್ರಿ ಎರಡೂವರೆ. ಚೌಕಿದಾರ ಗೇಟಿಗೆ ಲಾಠಿ ಬಡಿದ ಸದ್ದಿಗೆ ಎಚ್ಚರವಾಯಿತು. ಎಚ್ಚರವಾಯಿತು ಎನ್ನುವುದೂ ಸುಳ್ಳೇ, ಕಣ್ಣು ಮುಚ್ಚಿಕೊಂಡಿದ್ದೆ ಅಷ್ಟೆ. ನಿಮ್ಮ ಪತ್ರಕ್ಕೆ ಇಷ್ಟು ತಡ ಮಾಡಿದೆ, ಕ್ಷಮಿಸಿ. ಪುಟ್ಟಿ ಅದಿತಿಗೆ ಕೆಮ್ಮು, ಆಫೀಸಿನಲ್ಲಿ ಉಸಿರಾಡಲು ಬಿಡದಷ್ಟು ಕೆಲಸ. ಮೊದಲು ಇದನ್ನು ಓದಿ, ಉಳಿದದ್ದು ಆಮೇಲೆ: ನಿಮ್ಮ ಬಂಕರಿಗೆ ಬಂದಿರುವ ಹೊಸ ಸೀಮೆಎಣ್ಣೆ ಹೀಟರನ್ನು ಮಲಗುವಾಗ ಆರಿಸಿಬಿಡಿ. ಅದರ ನಾಬನ್ನು ಎರಡನೆಯ ಗುರುತಿನಿಂದಾಚೆ ತಿರುಗಿಸಲೇಬೇಡಿ.

ಯಾಕೆಂದು ಹೇಳುತ್ತೇನೆ. ನೋಯ್ಡಾದ ನಮ್ಮ ಆಫೀಸಿನಲ್ಲಿ ಯಂತ್ರಗಳ ಕೈಪಿಡಿಗಳನ್ನು ಹಳೆಯ ಪೇಜ್‌ಮೇಕರ್‌ನಿಂದ ಹೊಸ ಸಾಫ್ಟ್‌ವೇರಿಗೆ ಸಾಗಿಸುತ್ತಿದ್ದೇವೆ ಎಂದು ಬರೆದಿದ್ದೆನಲ್ಲ? ಹೊಸದು ಹಳೆಯ ಫೈಲನ್ನು ತೆರೆಯುವುದೇ ಇಲ್ಲ. ಪಠ್ಯವನ್ನು ಹೊರತೆಗೆದು, ಇದರಲ್ಲಿ ಸುರಿದು, ಚಿತ್ರಗಳನ್ನು ಮತ್ತೆ ಕೂರಿಸಬೇಕು. ಮುಖ್ಯ ಪಠ್ಯವೇನೋ ಒಂದೇ ಎಳೆಯಾಗಿ ಬಂದುಬಿಡುತ್ತದೆ. ಪುಟದ ಅಂಚಿನಲ್ಲಿ ಬೇರೆಯಾಗಿ ಇಟ್ಟ ಎಚ್ಚರಿಕೆಯ ಚೌಕಗಳು ಬರುವುದಿಲ್ಲ, ಒಂದೊಂದಾಗಿ ಹೆಕ್ಕಬೇಕು. ಆ ಹೀಟರಿನ ಪುಸ್ತಕ ಮಾಡಿದವಳು ನಾನು. ಒಂದು ಚೌಕ ಹಳೆಯದರಲ್ಲೇ ಉಳಿಯಿತು. ಹೊಸ ಪುಟಗಳನ್ನು ನಾನು ತಾಳೆ ನೋಡಿದ್ದು ಹೊರತೆಗೆದ ಪಠ್ಯದ ಜೊತೆ, ಅಚ್ಚಾದ ಹಳೆಯ ಪುಸ್ತಕದ ಜೊತೆಯಲ್ಲ. ಎರಡರಲ್ಲೂ ಇಲ್ಲದ್ದು ಹೇಗೆ ಕಣ್ಣಿಗೆ ಬೀಳಬೇಕು?

ನಿನ್ನೆ ಪಕ್ಕದ ಸೀಟಿನ ವರುಣ್ ಹಿಂದಿ ಆವೃತ್ತಿಗೆಂದು ಹಳೆಯ ಪುಸ್ತಕ ಬಿಡಿಸಿಕೊಂಡು ಕೂತಿದ್ದ. "ಅಕ್ಕಾ, ಈ ಕಪ್ಪು ಚೌಕ ನಿಮ್ಮದ್ರಲ್ಲಿ ಎಲ್ಲಿದೆ?" ಎಂದ.

"ಸರಿಯಾಗಿ ನೋಡೋ, ಕನ್ನಡಕ ಬದಲಾಯಿಸು" ಎಂದು ನಕ್ಕೆ. ಅವನು ಹಳೆಯ ಪುಟವನ್ನು ನನ್ನ ಮುಂದಿಟ್ಟ.

ಎತ್ತರದ ಜಾಗದಲ್ಲಿ ಗಾಳಿ ತೆಳು, ಎಣ್ಣೆ ಪೂರ್ತಿ ಉರಿಯದೆ ವಾಸನೆಯೇ ಇಲ್ಲದ ವಿಷಗಾಳಿ ಕೋಣೆಯಲ್ಲಿ ತುಂಬಿಕೊಳ್ಳುತ್ತದೆ, ಎರಡನೆಯ ಗುರುತು ದಾಟಿಸಬೇಡಿ, ಮಲಗುವಾಗ ಆರಿಸಿ ಎಂದಿತ್ತು ಅದರಲ್ಲಿ. ಮ್ಯಾನೇಜರ್ ಹತ್ತಿರ ಓಡಿದೆ. "ಅರೇ ಮೇಡಂ, ತಿದ್ದುಪಡಿ ಚೀಟಿ ಡಾಕ್‌ನಲ್ಲಿ ಹೋಗುತ್ತೆ, ಟೆನ್ಷನ್ ಮತ್ ಲೀಜಿಯೇ, ಚಿಂತೆ ಬೇಡ" ಎಂದರು. ಚೀಟಿ ಡಿಪೋ ತಲುಪಿ, ಅಲ್ಲಿಂದ ನಿಮ್ಮ ಹಿಮದ ತುದಿ ಹತ್ತುವುದು ಯಾವಾಗ? ಉಳಿದ ದಿನವಿಡೀ ನಿಮ್ಮ ಯೂನಿಟ್ಟಿಗೆ ಫೋನ್ ಹಚ್ಚಿದೆ. "ಲೈನ್ ಡೌನ್ ಹೈ, ಮೇಮ್‌ಸಾಬ್" ಎಂಬ ಅದೇ ದನಿ.

ನಿಮ್ಮ ಪತ್ರವನ್ನು ಮತ್ತೆ ತೆಗೆದು ಓದಿದೆ. ಪುಸ್ತಕದ ಹಿಂದೆ ನಮ್ಮ ಆಫೀಸಿನ ಹೆಸರು ನೋಡಿ ಜವಾನರಿಗೆಲ್ಲ ತೋರಿಸಿದಿರಂತೆ: "ಇದು ನನ್ನ ಹೆಂಡತಿಯ ಕೆಲಸ, ಇದರಲ್ಲಿ ಇದ್ದಹಾಗೇ ನಡೆಸಿ." ಹೋದ ವಾರ ಆ ಸಾಲನ್ನು ವರುಣ್‌ಗೂ ಓದಿ ಹೇಳಿ ಬೀಗಿದ್ದೆ.

ಅದಿತಿ ಹಾಲಿನ ಬೂತಿನ ಭಯ್ಯಾನಿಗೆ, "ಮೇರೇ ಪಾಪಾ ಬರಫ್ ಬನಾತೇ ಹೈಂ" ಎಂದಳು. ಅಲ್ಲಿ ನಿಮಗೆ ಹಿಮ ತಯಾರಿಸುವ ಕೆಲಸವೆಂದೇ ತಿಳಿದಿದ್ದಾಳೆ. "ಅಚ್ಛಾ, ಬೇಸಿಗೆಗೆ ನಮಗೂ ಕಳಿಸಲು ಹೇಳು" ಎಂದು ಅವನ ತಮಾಷೆ. ಭಾನುವಾರ ನಿಮ್ಮ ಸ್ಕೂಟರನ್ನು ಸ್ಟಾರ್ಟ್ ಮಾಡಿ ನಿಲ್ಲಿಸುತ್ತೇನೆ. ಓಡಿಸಲು ಬರದು. ಆ ಸದ್ದಿಗೆ ಒಂದು ಗಳಿಗೆ, ನೀವು ಗೇಟಿನೊಳಗೆ ಬಂದಿರಿ ಎನಿಸುತ್ತದೆ. ಅದಕ್ಕೇ ಬೇಗ ಆರಿಸುವುದಿಲ್ಲ.

ನಿಮ್ಮ ತಮ್ಮ ಅಯ್ಯಣ್ಣ ರಜೆ ಮುಗಿಸಿ ಇಲ್ಲೇ ಮಲಗಿದ್ದಾನೆ, ಬೆಳಿಗ್ಗೆ ಲೇಹ್ ವಿಮಾನ ಹತ್ತುತ್ತಾನೆ. ಅವನ ಡ್ಯೂಟಿ ಲೇಹ್‌ನಲ್ಲೇ, ನಿಮ್ಮ ತನಕ ಬರುವವನಲ್ಲ. ಕಾಗದವನ್ನು ಮೇಲೆ ಬರುವ ಗಾಡಿಯವರ ಕೈಗೆ ಕೊಡುತ್ತೇನೆ ಎಂದಿದ್ದಾನೆ. ದೇವರು ನಿಮ್ಮನ್ನೂ ನಿಮ್ಮ ಜೊತೆ ಮಲಗುವ ಎಲ್ಲರನ್ನೂ ಕಾಯಲಿ.

ನಿಮ್ಮ
ಚೋಂದಮ್ಮ

ಮರೆತಿದ್ದು: ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ಊಟ ಮಾಡುತ್ತ ಅಯ್ಯಣ್ಣ ಕೇಳಿದ, "ಅಣ್ಣನಿಗೆ ಅಕ್ಟೋಬರಲ್ಲೇ ಕೆಳಗಿಳಿಯೋ ಆರ್ಡರ್ ಬಂದಿತ್ತಲ್ಲ ಅತ್ತಿಗೆ, ತಾನೇ ಕೇಳಿಕೊಂಡು ಉಳಿದ. ನಿಮಗೆ ಹೇಳಿಲ್ವಾ?" ಹೇಳಿದ್ದಾರೆ ಎಂದು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ. ನಮ್ಮ ಹತ್ತಿರ ಬರಲು ಯಾಕೆ ಮನಸ್ಸಾಗಲಿಲ್ಲ ಎಂದು ಈಗ ಕೇಳುವುದಿಲ್ಲ. ಠಾಣೆಯ ಸ್ಯಾಟಲೈಟ್ ಫೋನಿಗೆ ನಾವು ಮಾಡುವಂತಿಲ್ಲ, ನೀವೇ ಮಾಡಬೇಕು. ಬೈಯಬೇಕೆನಿಸಿದರೆ ಬೈಯಿರಿ. ಮಾತೇ ಬೇಡವೆಂದರೆ ಸುಮ್ಮನೆ ಉಸಿರಾಡಿ ಇಟ್ಟುಬಿಡಿ, ನನಗೆ ಗೊತ್ತಾಗುತ್ತದೆ. ಈ ಕಾಗದ ಕೈಗೆ ಬಂದ ರಾತ್ರಿಯೇ, ಬೆಳಗಾಗುವುದರೊಳಗೆ, ದಮ್ಮಯ್ಯ, ಒಂದು ಫೋನ್ ಮಾಡಿ.