ಕರಿ ಕಂಬಳಿಯ ಮೇಲೆ ಚರ್ಚಿಲ್

ಹರಿಯಬ್ಬೆ, 2 ಡಿಸೆಂಬರ್ 1974

ಅಪ್ಪಾ,

ನೀನಿದ್ದಿದ್ದರೆ ಇದನ್ನು ಎದುರೇ ಹೇಳಿ ಜಗಳ ಕಾಯುತ್ತಿದ್ದೆ. ನಿನ್ನೆ ಹಿರಿಯೂರಿನಲ್ಲಿ ಚರ್ಚಿಲ್ ಹುಟ್ಟಿ ನೂರು ವರ್ಷವಾಯಿತೆಂದು ಸಭೆ ಇತ್ತು. ದೊಡ್ಡವರ ಪಟ ಕೂರಿಸಬೇಕೆಂದು ಹೇಳಿ ಅವ್ವನಿಂದ ನಮ್ಮ ಕರಿ ಕಂಬಳಿ ಇಸಿದುಕೊಂಡು ಹೋಗಿ, ಅದರ ಮೇಲೆ ಅವನನ್ನು ಕೂರಿಸಿ ಹಾರ ಹಾಕಿದ್ದರು. ದೇವರ ಗದ್ದುಗೆಗೆ ಮಾತ್ರ ನಾವು ಹಾಸುವ ಕಂಬಳಿ! ಯುದ್ಧ ಗೆದ್ದ ಧೀರ ಎಂದು ಒಬ್ಬೊಬ್ಬರೂ ಹೊಗಳಿದ್ದೇ ಹೊಗಳಿದ್ದು. ನಾನು ಎದ್ದು, ಅವನ ಕಾಲದಲ್ಲೇ ಬಂಗಾಳದಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತರು, ಪಟ ಇಳಿಸಿ ಎಂದೆ.

"ಕುಂತ್ಕಳ್ರಿ ಮೇಷ್ಟ್ರೇ," ಎಂದರು ಅಧ್ಯಕ್ಷರು. "ಆ ಯುದ್ಧಕ್ಕೆ ಹೋಗಿದ್ದ ನಿಮ್ಮಪ್ಪಾರೇ ಮನೇಲಿ ಆತನ ಪಟ ಇಟ್ಕಂಡಿದ್ರು."

"ಪಟ ಇಟ್ಕಂಡಿದ್ದ. ಕಂಬಳಿ ಹಾಸಿರ್ಲಿಲ್ಲ!" ಎಂದು ಕಂಬಳಿ ಎಳೆದೆ. ಪಟ ಬಿದ್ದು ಗಾಜು ಒಡೆಯಿತು.

ಹದಿನೈದು ವರ್ಷದ ಹಿಂದೆ ನೀನಿಟ್ಟಿದ್ದ ಅವನ ಪಟವನ್ನೂ ನಾನು ನಿನ್ನೆದುರೇ ನೆಲಕ್ಕೆ ಬಡಿದಿದ್ದೆ. ಬರ್ಮಾದಲ್ಲಿ ಗುಂಡು ತಿಂದ ಕಾಲನ್ನು ಮಡಿಸಲಾರದೆ ಮಡಿಸಿ, ಕೂತು, ನೀನು ಚೂರು ಆರಿಸಿದೆ. "ದೂರ ನಿಂತ್ಕಳಲೇ, ಕಾಲಿಗೆ ಚುಚ್ಚುತ್ತೆ" ಎಂದಷ್ಟೇ ಹೇಳಿದ್ದು ನೀನು.

ನಿನ್ನೆ ಚೂರುಗಳನ್ನು ನಾನೇ ಆರಿಸಿದೆ. ದೂರ ನಿಲ್ಲು ಎಂದು ಯಾರೂ ಹೇಳಲಿಲ್ಲ.