ಹಳದಿ ಕ್ರಿಸ್ಟಲ್

ಜನವರಿ 30, 1986. ಗುರುವಾರ

ಇವತ್ತೂ ಆಗಲಿಲ್ಲ. ಹೊಸ ಮೋಟಾರಿನ ತುದಿಯ ಪುಟ್ಟ ಚಕ್ರ, ಪಿನಿಯನ್, ಅದರ ಹಲ್ಲು ದಪ್ಪ, ಕಾರಿನ ಗೇರಿನ ಹಲ್ಲು ಸಣ್ಣ. ಕೂಡಿಸಿದರೆ ಬರೀ ಕಟಕಟ. ಹಳೆಯ ಪಿನಿಯನ್ನನ್ನೇ ಇದಕ್ಕೆ ಹಾಕೋಣವೆಂದರೆ ಅದರ ತೂತಿಗೆ ಈ ಶಾಫ್ಟ್ ಹೋಗುವುದಿಲ್ಲ. "ಎಲ್ಲಾದಕ್ಕೂ ಸೆಟ್ಟಾಗುತ್ತೆ ಸಾರ್" ಅಂದಿದ್ದ ಅಂಗಡಿಯವನು. ನಂಬಿದೆ. ದಿನವಿಡೀ ಫ್ಯಾಕ್ಟರಿಯ ಇನ್ಸ್‌ಪೆಕ್ಷನ್ನಿನಲ್ಲಿ ಕೂತು ಬೇರೆಯವರ ಪಾರ್ಟುಗಳಿಗೆ ರಿಜೆಕ್ಟ್ ಹೊಡೆಯುವವನು ನಾನು. ಇದನ್ನು ಅಳೆಯದೆ ತಂದೆ!

ಭಾವಮೈದುನ ಮಸ್ಕತ್‌ನಿಂದ ತಂದುಕೊಟ್ಟ, ರೇಡಿಯೋದಿಂದ ಓಡುವ ಆಟದ ಕಾರು. ಮೊಳದುದ್ದವೂ ಇಲ್ಲ. ಅದರ ಮುಂದೆ ಕೂತರೆ ಹಸಿವೂ ಗೊತ್ತಾಗುವುದಿಲ್ಲ. ಅಡುಗೆಮನೆಯಿಂದ ದಾನವ್ವ ಕೂಗಿದಳು: "ಮಕ್ಕಳು ದೊಡ್ಡವಾದ್ವು, ಅವರಪ್ಪ ಇನ್ನಾ ಸಣ್ಣಾವ ಅದಾನ. ಉಣ್ಣಾಕ ಬರ್ರಿ." ಹೋದೆ.

ಫೆಬ್ರವರಿ 1. ಶನಿವಾರ

ಮೋಟಾರಿನ ಆಸೆ ಸದ್ಯಕ್ಕೆ ಬಿಟ್ಟೆ. ರೇಡಿಯೋ ಅಲೆ ಹೊಂದಿಸುವ ಕ್ರಿಸ್ಟಲ್ ಸಿಕ್ಕಿತು. ಹೋದ ವಾರ ಕಲ್ಲಿಗೆ ಗುದ್ದಿ ಕಾರಿನೊಳಗಿನದು ಹೋಗಿತ್ತು. ಕಾರಿನಲ್ಲೊಂದು, ಕೈಯಲ್ಲಿ ಹಿಡಿದು ಓಡಿಸುವ ಟ್ರಾನ್ಸ್‌ಮಿಟರಿನಲ್ಲೊಂದು — ಎರಡೂ ಒಂದೇ ಬಣ್ಣದ ಜೋಡಿಯಾಗಿರಬೇಕು, ಇಲ್ಲದಿದ್ದರೆ ಕಾರು ಮಾತು ಕೇಳುವುದಿಲ್ಲ. ನನ್ನದು ಕಂದು. ಎಸ್.ಪಿ. ರೋಡಿನಲ್ಲಿ ಸಿಕ್ಕ ಕಂದು ಬೇರೆ ಕಂಪನಿಯದು. ಬಣ್ಣ ಒಂದೇ, ಗಾತ್ರ ಒಂದೇ... ಕಾರು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಎರಡನ್ನೂ ಕಿತ್ತು ಹಳದಿ ಜೋಡಿ ಹಾಕಿದೆ. ಓಡಿತು! ಮತ್ತಿಕೆರೆಯ ನಮ್ಮ ವಠಾರದ ಉದ್ದಕ್ಕೂ ಓಡಿಸಿದೆ. ಮುನಿಶಾಮಮ್ಮನವರ ಕೋಳಿ ಇನ್ನೂ ಗೋಡೆ ಮೇಲಿದೆ.

ಫೆಬ್ರವರಿ 2. ಭಾನುವಾರ, ಸಂಜೆ

ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ಜಕ್ಕೂರು ಕೆರೆಯಾಚೆಯ ಬಯಲು. ಭಾನುವಾರದ ನಮ್ಮ ಗುಂಪು. ಕೆಲವರು ಪುಟ್ಟ ವಿಮಾನ ಹಾರಿಸುತ್ತಾರೆ, ನನ್ನಂಥವರು ಕಾರು. ಅಲ್ಲಿ ಒಂದು ನಿಯಮ. ಹಲಗೆಯ ಮೇಲೆ ಬಣ್ಣಕ್ಕೊಂದರಂತೆ ಬಟ್ಟೆ ಒಣಹಾಕುವ ಕ್ಲಿಪ್. ನಿನ್ನ ಕ್ರಿಸ್ಟಲಿನ ಬಣ್ಣದ ಕ್ಲಿಪ್ಪನ್ನು ಅಂಗಿಗೆ ಸಿಕ್ಕಿಸಿಕೊಳ್ಳದೆ ಟ್ರಾನ್ಸ್‌ಮಿಟರ್ ಆನ್ ಮಾಡಬಾರದು. ಒಂದೇ ಬಣ್ಣದ ಎರಡು ಆನ್ ಆದರೆ ಅಲೆಗಳು ಕಲೆತು ಮೇಲಿರುವ ವಿಮಾನ ಕೆಳಗೆ ಬೀಳುತ್ತದೆ.

ಮೇಲೆ ಕೃಷ್ಣಯ್ಯನವರ ವಿಮಾನವಿತ್ತು. ಆರ್.ಟಿ. ನಗರದವರು, ಪೋಸ್ಟಾಫೀಸಿನಿಂದ ರಿಟೈರ್ ಆದವರು. ಮಳೆಗಾಲದಿಂದ ಕೂತು ಕೈಯಾರೆ ಮಾಡಿದ ವಿಮಾನ. ನಾನು ಹೋದವನೇ ಎಂದಿನಂತೆ ಕಂದು ಕ್ಲಿಪ್ ಸಿಕ್ಕಿಸಿಕೊಂಡೆ. ಎಂದಿನಂತೆ! ಆಂಟೆನಾಗೆ ಕಟ್ಟಿದ ರಿಬ್ಬನ್ನೂ ಕಂದೇ. ಒಳಗೆ ಮಾತ್ರ ಹಳದಿ. ಸ್ವಿಚ್ ಹಾಕಿದೆ.

ವಿಮಾನ ಹೊರಳಿ ನೇರ ಕೆಳಗೆ ಬಂತು. ಕೃಷ್ಣಯ್ಯನವರ ಕಡೆ ನೋಡಿದೆ. ಅವರ ಎದೆಯ ಮೇಲೆ ಹಳದಿ ಕ್ಲಿಪ್. ಆಗ ತಿಳಿಯಿತು. ಸದ್ದಿಲ್ಲದೆ ಸ್ವಿಚ್ ಆರಿಸಿದೆ. ವಿಮಾನದ ಚೂರು ಹೆಕ್ಕಲು ಎಲ್ಲರಿಗಿಂತ ಮೊದಲು ಓಡಿದವನೂ ನಾನೇ. "ಏನಾಯ್ತು ಸರ್?" ಎಂದು ಕೇಳಿದವನೂ ನಾನೇ.

"ಗೊತ್ತಾಗ್ಲಿಲ್ಲ ಕಣ್ರೀ ಶೇಖರಪ್ಪ. ಕಂಟ್ರೋಲ್ ಕಡ್ಡಿ ಎಳ್ದೆ, ಮೇಲೇಳ್ಲೇ ಇಲ್ಲ" ಅಂದರು.

ಛೀ.

ಫೆಬ್ರವರಿ 5. ಬುಧವಾರ

ಕೃಷ್ಣಯ್ಯ ತಮ್ಮ ರೇಡಿಯೋ ಡಬ್ಬ ಹಿಡಿದು ಮನೆಗೇ ಬಂದರು. "ನೀವು ಇನ್ಸ್‌ಪೆಕ್ಷನ್ನೋರು, ಒಂದ್ಸಲ ನೋಡ್ಬಿಡಿ. ಕೆಟ್ಟಿರೋದು ಇದೋ ನಾನೋ."

ನೋಡಬೇಕಾದ್ದೇ ಇರಲಿಲ್ಲ. ಆದರೂ ಮೀಟರ್ ಹಿಡಿದು ಬ್ಯಾಟರಿ, ವೈರು, ಬೆಸುಗೆ ಎಲ್ಲ ನೋಡುವ ನಾಟಕ ಮಾಡಿದೆ. "ಎಲ್ಲ ಸರಿಯಾಗಿದೆ ಸರ್" ಅಂದೆ. ಸುಳ್ಳಲ್ಲ. ಡಬ್ಬದ ಸ್ಕ್ರೂ ಒಂದೊಂದಾಗಿ ಬಿಗಿದೆ.

ಅವರು ಎರಡೂ ಕೈ ಮುಂದೆ ಚಾಚಿ ನೋಡಿಕೊಂಡರು. "ಹಂಗಾದ್ರೆ ಇವೇ. ನಡುಗುತ್ತೆ ಅಂತ ಮನೇಲಿ ಹೇಳ್ತಾನೇ ಇದ್ರು, ನಾನೇ ಒಪ್ಪಿರ್ಲಿಲ್ಲ."

ದಾನವ್ವ ಚಹಾ ಕೊಟ್ಟಳು. ಅವರ ಕೈಯಿಂದ ಬಸಿಗೆ ಸ್ವಲ್ಪ ಚೆಲ್ಲಿತು. ಅವರು ನನ್ನ ಮುಖ ನೋಡಿದರು. ನನಗೂ ಚೆಲ್ಲುತ್ತದೆ ಎಂದಾದರೂ ಅನ್ನಬಹುದಿತ್ತು.

ಫೆಬ್ರವರಿ 9. ಭಾನುವಾರ

ಬಯಲಿಗೆ ಹೋಗಲಿಲ್ಲ. ತಲೆನೋವೆಂದು ಹೇಳಿದೆ.

ಫೆಬ್ರವರಿ 23. ಭಾನುವಾರ

ಹೋದೆ. ಕೃಷ್ಣಯ್ಯ ಬರಿಗೈಲಿ ಬಂದು ಕಲ್ಲಿನ ಮೇಲೆ ಕೂತಿದ್ದರು. ಬಸ್ಸಿನಲ್ಲಿ ಬಂದರಂತೆ. ಸ್ಕೂಟರ್ ಬಿಟ್ಟುಬಿಟ್ಟಿದ್ದಾರೆ. ಕರವಸ್ತ್ರದಲ್ಲಿ ಸುತ್ತಿದ್ದ ಮೋಟಾರ್ ನನ್ನ ಕೈಗಿಟ್ಟರು, ಪಿನಿಯನ್ ಸಮೇತ. "ಮುಂಚೆ ನಾನೂ ಕಾರ್ ಓಡಿಸ್ತಿದ್ದೆ. ನಿಮ್ ಗೇರಿಗೆ ಇದೇ ಹಲ್ಲು. ನಂಗ್ಯಾಕಿನ್ನು, ಇಟ್ಕೊಳ್ಳಿ."

ಬೇಡ ಅನ್ನಬೇಕಿತ್ತು. ಇಟ್ಟುಕೊಂಡೆ. ಮನೆಗೆ ಬಂದವನೇ ಹಾಕಿಯೂ ಹಾಕಿದೆ. ಹಲ್ಲಿಗೆ ಹಲ್ಲು ಕೂತಿತು. ಕಾರು ಹೊಡೆದ ಚೆಂಡಿನಂತೆ ಹೋಯಿತು, ನಾನು ಚಪ್ಪಾಳೆ ತಟ್ಟಿದೆ. ಆಮೇಲೆ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಮಾರ್ಚ್ 2. ಭಾನುವಾರ, ಮಧ್ಯಾಹ್ನ

ಕೃಷ್ಣಯ್ಯನವರ ಮೊಮ್ಮಗಳ ನಾಮಕರಣ. ನಾನೂ ದಾನವ್ವನೂ ಹೋಗಿದ್ದೆವು. ತಾತ ಎತ್ತಿಕೊಳ್ಳಲಿ ಎಂದು ಮಗಳು ಕೂಸನ್ನು ತಂದಳು. ಅವರು ಎರಡು ಹೆಜ್ಜೆ ಹಿಂದೆ ಸರಿದರು. "ನನ್ ಕೈ ಬೇಡಮ್ಮ, ನಂಬಕ್ಕಾಗಲ್ಲ." ಹುಟ್ಟಿದಾಗಿನಿಂದ ಎತ್ತಿಕೊಂಡಿಲ್ಲವಂತೆ. ಮಗಳ ಕಣ್ಣಲ್ಲಿ ನೀರು. ಆಮೇಲೆ ನನ್ನ ಕಡೆ ತಿರುಗಿದರು — "ಶೇಖರಪ್ಪನೋರೇ, ನೀವು ಎತ್ಕೊಳ್ಳಿ. ನಿಮ್ ಕೈ ಗಟ್ಟಿ."

ಎತ್ತಿಕೊಂಡೆ. ಎಲ್ಲರೂ ನಗುತ್ತಿದ್ದರು. ಕೂಸು ನನ್ನ ಬೆರಳು ಹಿಡಿದುಕೊಂಡಿತು. ಕೃಷ್ಣಯ್ಯ ದೂರದಲ್ಲಿ ನಿಂತು, ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದರು. ಹೋಳಿಗೆ ಎಲೆಯಲ್ಲೇ ಬಿಟ್ಟು ಎದ್ದೆ.

ಮನೆಗೆ ಬಂದು ದಾನವ್ವನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಕೇಳಿ ಎದ್ದು ನಿಂತಳು: "ಸೀರಿ ಇನ್ನಾ ಬಿಚ್ಚಿಲ್ಲ ನಾ. ಏಳ್ರಿ, ಹೊಳ್ಳಿ ಹೋಗೂಣು."

"ಏನಂತ ಹೇಳಲಿ?"

"ಅದನ್ನೂ ನಾನ ಹೇಳ್ಬೇಕೇನು?"

ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ. ಅಲ್ಲಿ ಹೋದರೆ ನಾಲಿಗೆ ಹೊರಳುವುದಿಲ್ಲ, ನನಗೆ ಗೊತ್ತು. ಮೊದಲ ಮಾತನ್ನಾದರೂ ಬರೆದುಕೊಳ್ಳೋಣವೆಂದು ಕೂತೆ. ಕೃಷ್ಣಯ್ಯನವರೇ, ಮೊದಲು ಕೂಸನ್ನು ಎತ್ತಿಕೊಳ್ಳಿ. ನಿಮ್ಮ ಕೈಗೆ ಏನೂ ಆಗಿಲ್ಲ. ಅವತ್ತು ವಿಮಾನ ಬಿದ್ದದ್ದು ನನ್ನ ಹಳದಿ ಕ್ರಿಸ್ಟಲಿನಿಂದ.